ಹುಳದ ಮನೆಗೆ ಹೋದ ಗಂಧರಾಣಿ

ನಮ್ಮ ಕಿರಿಮಗಳಿಗೆ ಹೆಣ್ಣುಮಗು ಹುಟ್ಟಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮೂರು ದಿನದಿಂದ ಯಾರು ಸಿಕ್ಕಿದರೂ ಮೊದಲು ಇದನ್ನೇ ಹೇಳುತ್ತಿದ್ದೇನೆ. ಹಾಲಿನವನಿಗೆ ಹೇಳಿದೆ. ಬಸ್ಸಿನಲ್ಲಿ ಪಕ್ಕ ಕೂತವನಿಗೆ ಹೇಳಿದೆ. ಅವನು ಇಳಿದುಹೋದ ಮೇಲೆ ಆ ಜಾಗಕ್ಕೆ ಬಂದು ಕೂತವನಿಗೂ ಹೇಳಿದೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಕೂಸು ಸ್ವಾಮಿ, ಸುಮ್ಮನೆ ಹೇಗಿರಲಿ? ಮೂಗು ಥೇಟ್ ನನ್ನದೇ. ಮೂರು ದಿನದ ಮಗುವಿಗೆ ಮೂಗು ಇನ್ನೂ ಮೂಡಿರುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ವಾದ ಮಾಡುತ್ತಾರೆ. ಮಾಡಲಿ. ನನ್ನ ಮೂಗು ನನಗೆ ಗೊತ್ತಿಲ್ಲವೇ?

ಚಿಕ್ಕಬಳ್ಳಾಪುರದ ಆಸ್ಪತ್ರೆಯಿಂದ ತಾಯಿ ಮಗುವನ್ನು ಕರೆದುಕೊಂಡು ಹೊರಡುವಾಗ ನರ್ಸಮ್ಮ ಒಂದು ಬಣ್ಣದ ಚೀಲ ಕೈಗೆ ಕೊಟ್ಟರು. ಒಳಗೆ ಬೆರಳುದ್ದದ ಪೌಡರ್ ಡಬ್ಬಿ, ಅಂಗೈ ಮುಚ್ಚಿದರೆ ಕಾಣದಷ್ಟು ಸೋಪು, ಒಂದು ಎಣ್ಣೆ ಸೀಸೆ. ಜೊತೆಗೆ ಒಂದು ಕಾಗದ. ಅದರಲ್ಲಿ ಹಲ್ಲಿಲ್ಲದ ಗುಂಡು ಮಗುವೊಂದು ನಗುತ್ತಿದೆ. ಇಷ್ಟಕ್ಕೂ ಪುಕ್ಕಟೆ. ನಮ್ಮ ಕೂಸು ಇನ್ನೂ ಕಣ್ಣು ಬಿಟ್ಟು ತಾಯಿಯ ಮುಖವನ್ನೇ ಸರಿಯಾಗಿ ನೋಡಿಲ್ಲ, ಕಂಪನಿಯವರು ಆಗಲೇ ಹುಡುಕಿಕೊಂಡು ಬಂದಿದ್ದಾರೆ. ಅಳಿಯಂದಿರು ‘ಎಂಥಾ ಜನಾನಪ್ಪ’ ಎಂದು ಗೊಣಗಿದರು. ನನಗೆ ಕೋಪ ಬರಲಿಲ್ಲ, ಮರ್ಯಾದೆ ಬಂತು. ನಾನೂ ಒಂದು ಕಾಲಕ್ಕೆ ಅದೇ ಕಸುಬಿನವನು. ಆ ಪೌಡರಿನ ಮುಚ್ಚಳ ತೆಗೆದು ಒಂದು ಸಲ ಮೂಸಿದೆ, ಅಷ್ಟೆ. ಅರವತ್ತರ ದಶಕ ಪೂರ್ತಿ ಮೂಗಿನೊಳಕ್ಕೆ ಬಂದು ಕೂತಿತು.

ಆಗ ನಮ್ಮದೆಲ್ಲ ಕೋಲಾರ ಜಿಲ್ಲೆ. ಹೊಸಪೈಸೆ ಬಂದು ಕೆಲವು ವರ್ಷಗಳಾಗಿದ್ದರೂ ಮುದುಕರು ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದರು. ನಮ್ಮೂರು ಗೌರಿಬಿದನೂರಿನ ಪಕ್ಕ, ಕಡಲೆಕಾಯಿ ಬೆಳೆಯುವ ಹಳ್ಳಿ. ನಾಲ್ಕನೇ ಕ್ಲಾಸಿನಲ್ಲಿ ನನಗೂ ಸ್ಕೂಲಿಗೂ ಸರಿಹೋಗದೆ ಇಬ್ಬರೂ ಮಾತಾಡಿಕೊಂಡು ಬೇರೆಯಾದೆವು. ದೇವರು ಓದು ಕೊಡದಿದ್ದರೂ ಎರಡು ವಸ್ತು ಕೊಟ್ಟಿದ್ದ. ಒಂದು ಗಂಟಲು. ನಾನು ಕೆರೆ ಏರಿಯ ಮೇಲೆ ನಿಂತು ಕೂಗಿದರೆ ಆಚೆ ಊರಿನ ಎಮ್ಮೆ ತಿರುಗಿ ನೋಡುತ್ತಿತ್ತು. ಇನ್ನೊಂದು ಕೂದಲು. ಹಣೆಯ ಮೇಲೆ ಹುಂಜ ಹತ್ತಿ ಕೂತಂತೆ ಎದ್ದು ನಿಂತ ಕ್ರಾಪು. ಇವೆರಡನ್ನು ನೋಡಿ ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಗಂಧರಾಣಿ ಕಂಪನಿಯ ಏಜೆಂಟರು ಶ್ಯಾಮರಾಯರು. ಗಂಧರಾಣಿ ಸೋಪು, ಗಂಧರಾಣಿ ತಲೆಯೆಣ್ಣೆ, ಗಂಧರಾಣಿ ಪೌಡರು. ತಳ್ಳದೆ ಹೊರಡದ ಒಂದು ಹಳೇ ವ್ಯಾನು, ಅದರ ನೆತ್ತಿಗೆ ಧತ್ತೂರಿ ಹೂವಿನಂಥ ಕಹಳೆ, ಒಳಗೆ ಮೈಕು ಹಿಡಿದು ನಾನು. ‘ನಿನ್ನ ತಲೆ ಇನ್ನು ಮೇಲೆ ಕಂಪನಿ ಆಸ್ತಿ ಕಣೋ ನಾರಾಯಣ. ಕ್ರಾಪು ಹೋಯಿತು ಅಂದರೆ ಕೆಲಸವೂ ಹೋಯಿತು ಅಂತಲೇ ತಿಳ್ಕೋ’ ಎಂದು ರಾಯರು ಮೊದಲ ದಿನವೇ ಹೇಳಿದ್ದರು.

ಗೌರಿಬಿದನೂರು ಸಂತೆ, ಮಂಡಿಕಲ್ಲು, ಚಿಕ್ಕಬಳ್ಳಾಪುರ, ಚಿಂತಾಮಣಿ. ಹೋದಲ್ಲೆಲ್ಲ ರಾಯರ ಪಾಠ. ಅವರು ಬೆಂಗಳೂರಿನವರು, ತೆಳ್ಳಗೆ, ಬೆಳ್ಳಗೆ, ಬಿಸಿಲಿಗೆ ಬಂದರೆ ಕರಗುವ ಮನುಷ್ಯ. ‘ಸೋಪು ಮಾರಬೇಡ. ಸೋಪನ್ನ ಯಾರೂ ಕೊಳ್ಳಲ್ಲ. ಮೊದಲು ನಾಚಿಕೆ ಮಾರು. ನಾಚಿಕೆ ಹೊಕ್ಕ ಮನೆಗೆ ಸೋಪು ತಾನಾಗೇ ಹಿಂದೆ ಹೋಗ್ತದೆ’ ಎನ್ನುತ್ತಿದ್ದರು. ಹಾಗಾಗಿ ನಾನು ಮೈಕಿನಲ್ಲಿ ಸೋಪಿನ ಹೆಸರೇ ಎತ್ತುತ್ತಿರಲಿಲ್ಲ. ದನಿ ತಗ್ಗಿಸಿ, ‘ತಾಯಂದಿರೇ, ನಿಮ್ಮ ಪಕ್ಕದಲ್ಲಿ ನಿಂತವರು ಯಾಕೆ ಒಂದು ಮಾರು ದೂರ ನಿಂತಿದ್ದಾರೆ, ಎಂದಾದರೂ ಯೋಚನೆ ಮಾಡಿದ್ದೀರಾ?’ ಎಂದು ಕೇಳುತ್ತಿದ್ದೆ. ಇಡೀ ಸಂತೆ ಒಂದು ಹೆಜ್ಜೆ ಅತ್ತಿತ್ತ ಸರಿದು ತಂತಮ್ಮ ಹೆಗಲು ಮೂಸಿಕೊಳ್ಳುತ್ತಿತ್ತು. ಮೈಕು ಕೆಳಗಿಟ್ಟು ನಾನೂ ನನ್ನದನ್ನು ಮೂಸಿಕೊಳ್ಳುತ್ತಿದ್ದೆ. ದಿನಾ ನಾನೇ ಹೇಳುವ ಮಾತು, ದಿನಾ ನನಗೇ ಅನುಮಾನ.

‘ಇವತ್ತೊಂದೇ ದಿನ’ ಎನ್ನುವುದನ್ನು ಮೂರು ವರ್ಷ ಪ್ರತಿದಿನ ಹೇಳಿದ್ದೇನೆ. ಪುಕ್ಕಟೆ ಹಂಚುವುದರ ಮಹಿಮೆ ಮಾತ್ರ ರಾಯರಿಂದ ಕಲಿಯಬೇಕಾಗಿರಲಿಲ್ಲ, ಅದು ಚಿಕ್ಕಂದಿನಲ್ಲೇ ಗೊತ್ತಿತ್ತು. ನಾನು ಚಡ್ಡಿ ಹಾಕುವ ವಯಸ್ಸಿನಲ್ಲಿ ಟೀ ಕಂಪನಿಯವರು ನಮ್ಮೂರ ಅರಳಿಕಟ್ಟೆಗೆ ಬಂದು ದೊಡ್ಡ ಹಂಡೆಯಲ್ಲಿ ಕಾಯಿಸಿ ಊರಿಗೆಲ್ಲ ಹಂಚಿದ್ದರು. ನಮ್ಮಜ್ಜಿ ಒಂದು ಗುಟುಕು ಕುಡಿದು, ‘ತೂ, ಒಲೆ ಕರಿ ಕದಡಿದಂಗೈತೆ’ ಎಂದು ಉಳಿದಿದ್ದನ್ನು ಕರುವಿನ ಬಾನಿಗೆ ಸುರಿದಳು. ಅವರು ಬಿಡದೆ ಎಂಟು ದಿನ ಬಂದರು. ಒಂಬತ್ತನೇ ದಿನ ಬರಲಿಲ್ಲ. ಅಜ್ಜಿ ಬೆಳಗಿನಿಂದ ಸಿಡಿಮಿಡಿ. ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ಕೂತು, ‘ಆ ದರಿದ್ರದ ಹಂಡೆಯೋರು ಯಾಕೋ ಇನ್ನೂ ಬರ್ಲಿಲ್ಲ’ ಎಂದು ಹೋಗಿಬರುವವರನ್ನು ಕೇಳುತ್ತಿದ್ದಳು. ಕರುವೂ ಬಾನಿ ನೆಕ್ಕುತ್ತಿತ್ತು.

ಇನ್ನು ಸಾಕ್ಷಿಯ ವಿಷಯ. ನನ್ನ ಸೋದರಮಾವ ಗಂಗುಲಪ್ಪನಿಗೆ ಹುಟ್ಟಿನಿಂದಲೂ ಕುರಿಯಂಥ ಕೂದಲು. ರಾಯರು ಅವನನ್ನೂ ಇಟ್ಟುಕೊಂಡರು. ನಾನು ತಲೆಯೆಣ್ಣೆಯ ಗುಣಗಾನ ಮಾಡುತ್ತಿರುವಾಗ ಅವನು ಜನರ ನಡುವಿನಿಂದ, ಯಾರೋ ದಾರಿಹೋಕನಂತೆ ಮುಂದೆ ಬಂದು, ‘ಸ್ವಾಮೀ, ಮೂರು ವರ್ಷದ ಕೆಳಗೆ ನನ್ನ ತಲೆ ಹಿತ್ತಾಳೆ ತಂಬಿಗೆ ಆಗಿತ್ತು, ಈಗ ನೋಡಿ’ ಎಂದು ಪೇಟ ತೆಗೆಯಬೇಕು. ಮಂಡಿಕಲ್ಲಿನಲ್ಲಿ ಹಾಗೆ ಪೇಟ ತೆಗೆದಾಗ ಸೊಪ್ಪಿನ ಗುಡ್ಡೆಯ ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಅವನ ಹೆಂಡತಿಯ ಅಕ್ಕ. ‘ಏನ್ ಗಂಗುಲಪ್ಪಾ, ಮೂರು ವರ್ಷದ ಕೆಳಗೆ ಯುಗಾದಿಗೆ ನಮ್ಮನೆಗೆ ಬಂದಿದ್ಯಲ್ಲ, ಒಂದು ಬಟ್ಟಲು ಎಣ್ಣೆ ನಿನ್ನ ಕೂದಲಿಗೆ ಸಾಲ್ದೆ ಪಕ್ಕದ ಮನೇಲಿ ಈಸ್ಕೊಂಡ್ ಬಂದ್ವಿ. ಆ ತಂಬಿಗೆ ಅವತ್ತು ಎಲ್ಲಿಟ್ಟಿದ್ದಪ್ಪಾ?’ ಎಂದಳು. ಅವತ್ತು ವ್ಯಾನು ತಳ್ಳದೆಯೇ ಸ್ಟಾರ್ಟ್ ಆಯಿತು.

ಆದರೆ ಎಲ್ಲಕ್ಕಿಂತ ದೊಡ್ಡ ಪಾಠ ಯಾವುದು ಗೊತ್ತೇ? ‘ಬೇಡ ಅಂದವರಿಗೆ ಇನ್ನೊಂದು ಪಾಲು ಜಾಸ್ತಿ ಹಾಕು. ಬೇಡ ಅನ್ನೋದು ಬೇಕು ಅನ್ನೋದರ ಮೊದಲನೇ ಮೆಟ್ಟಿಲು.’ ಈ ಒಂದು ಮಾತು ನನ್ನನ್ನು ಎಲ್ಲಿಗೆ ಕೊಂಡೊಯ್ದಿತು ಎಂದು ಈಗ ಹೇಳುತ್ತೇನೆ.

ಒಮ್ಮೆ ವ್ಯಾನು ಶಿಡ್ಲಘಟ್ಟ ದಾಟಿ ದಿಬ್ಬೂರಹಳ್ಳಿ ಕಡೆ ಹೋಯಿತು. ಆ ಸೀಮೆಗೆ ನಾವು ಹೊಸಬರು. ರಸ್ತೆಯ ಎರಡು ಬದಿಗೂ ಹಿಪ್ಪುನೇರಳೆ ತೋಟ, ಮನೆಮನೆಯಲ್ಲೂ ರೇಷ್ಮೆ. ಸಾಮಾನು ತೆಗೆದುಕೊಳ್ಳಲು ಬಂದ ಜನ ಕವಲುದಾರಿಯಲ್ಲಿ ಸೇರಿದ್ದರು. ಮಾದರಿ ಸೋಪು ಹಂಚಲು ತೊಡಗಿದೆ. ಉಳಿದ ಕಡೆಗಳಲ್ಲಿ ಕೈಗಳು ಮೇಲೆ ಬೀಳುತ್ತಿದ್ದವು, ಇಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಸೊಪ್ಪಿನ ಹೊರೆ ಹೊತ್ತಿದ್ದ ಒಬ್ಬ ಹುಡುಗಿ ಮಾತ್ರ ಮುಂದೆ ಬಂದಳು.

‘ಇದರ ವಾಸನೆ ಎಷ್ಟು ದೂರ ಹೋಗ್ತದೆ?’ ಎಂದು ಕೇಳಿದಳು.

ಇಂಥ ಪ್ರಶ್ನೆಗೆ ನಾನು ಮೂರು ವರ್ಷದಿಂದ ಕಾದಿದ್ದೆ. ಕ್ರಾಪು ಸರಿಮಾಡಿಕೊಂಡು, ‘ಒಂದು ಫರ್ಲಾಂಗು ತಾಯಿ’ ಎಂದೆ ಮೈಕಿನಲ್ಲಿ.

‘ಹಂಗಾದ್ರೆ ನಿಮ್ಮ ವ್ಯಾನು ಎರಡು ಫರ್ಲಾಂಗು ಆಚೆಗೆ ನಿಲ್ಲಿಸ್ಕೊಳಿ’ ಎಂದು ಹೊರೆ ಸರಿಮಾಡಿಕೊಂಡು ಹೊರಟೇ ಹೋದಳು. ಜನ ನಕ್ಕರು. ನನ್ನ ಕೈಯಲ್ಲಿದ್ದ ಸೋಪು ಕೈಯಲ್ಲೇ ಉಳಿಯಿತು. ಮೂರು ವರ್ಷದಲ್ಲಿ ನನ್ನ ಮಾತಿಗೆ ಮಾತು ಕೊಟ್ಟವರು ಅವಳೊಬ್ಬಳೇ. ಆ ವಾರ ಪೂರ್ತಿ ನಾನು ಹೋದ ಊರಿನಲ್ಲೆಲ್ಲ ತಪ್ಪು ತಪ್ಪಾಗಿ ಕೂಗಿದೆ. ಪೌಡರನ್ನು ನೀರಲ್ಲಿ ಕಲಸಿ ತಲೆಗೆ ಹಚ್ಚಿಕೊಳ್ಳಿ ಎಂದು ಚಿಂತಾಮಣಿಯಲ್ಲಿ ಹೇಳಿದೆನಂತೆ.

ಮಾವ ವಿಚಾರಿಸಿಕೊಂಡು ಬಂದ. ಹುಡುಗಿಯ ಹೆಸರು ಮುನಿರತ್ನ. ತಂದೆ ಪಿಳ್ಳಪ್ಪನವರು, ಹುಳ ಸಾಕುವ ಮನೆ, ನಮ್ಮದೇ ಜನ. ತಾಯಿ ಇಲ್ಲ. ಮನೆಯಲ್ಲಿ ಯಜಮಾನಿಕೆ ಎಲ್ಲ ಅಜ್ಜಿ ಅಕ್ಕಾಯಮ್ಮನದು, ಅವಳು ಹೇಳದೆ ಆ ಮನೆಯ ಹುಂಜವೂ ಕೂಗುವುದಿಲ್ಲ. ಆಮೇಲೆ ಮಾವ ಸ್ವಲ್ಪ ತಡೆದು, ‘ಚಿಂತಾಮಣಿಯಿಂದ ಒಬ್ಬ ಗುಮಾಸ್ತ ನೋಡ್ಕೊಂಡ್ ಹೋಗವ್ನೆ ಕಣೋ. ಒಪ್ಪಿದಾರಂತೆ. ಬರೋ ಭಾನುವಾರ ಮಾತು ಮುಗಿಸೋಕೆ ಬರ್ತಾರಂತೆ’ ಎಂದ. ಅವತ್ತು ಮಂಗಳವಾರ.

‘ಇವತ್ತೊಂದೇ ದಿನ’ ಎಂದು ಕೂಗುತ್ತಿದ್ದೆನಲ್ಲ, ಆ ಮಾತು ಕೇಳಿದವರು ಯಾಕೆ ಓಡೋಡಿ ಬರುತ್ತಿದ್ದರು ಎನ್ನುವುದು ನನಗೆ ಅವತ್ತು ತಿಳಿಯಿತು.

ಗುರುವಾರ ಬರುತ್ತೇವೆಂದು ಹೇಳಿ ಕಳಿಸಿದೆವು. ಪಿಳ್ಳಪ್ಪನವರಿಂದ, ‘ಹುಳ ಕೊನೇ ಹಂತದಲ್ಲವೆ, ವಾರ ಬಿಟ್ಟು ಬನ್ನಿ’ ಎಂದು ಉತ್ತರ ಬಂತು. ಮಾವ ನಕ್ಕುಬಿಟ್ಟ. ‘ಹುಳಕ್ಕೂ ಹೆಣ್ಣು ನೋಡೋದಕ್ಕೂ ಏನೋ ಸಂಬಂಧ? ದೂರ ಇಡೋಕೆ ಹೇಳೋ ಮಾತು. ರಾಯರು ಏನಂದವ್ರೆ? ಬೇಡ ಅಂದೋರಿಗೆ?’

‘ಇನ್ನೊಂದು ಪಾಲು ಜಾಸ್ತಿ’ ಎಂದೆ ನಾನು.

ಕಡಲೆಕಾಯಿ ಸೀಮೆಯವರಿಗೆ ರೇಷ್ಮೆಯ ಗುಟ್ಟು ಎಲ್ಲಿಂದ ಗೊತ್ತಾಗಬೇಕು? ನಮ್ಮ ಕಡೆ ಹುಳ ಎಂದರೆ ಅವರೆಕಾಯಿಯಲ್ಲಿ ಸಿಗುವುದು, ಸಿಕ್ಕರೆ ಎಸೆಯುವುದು. ಗುರುವಾರ ಬೆಳಿಗ್ಗೆ ಗಂಧರಾಣಿ ಸೋಪಿನಲ್ಲಿ ಮೂರು ಸಲ ಸ್ನಾನ ಮಾಡಿದೆ. ಕ್ರಾಪಿಗೆ ಒಂದು ಸೀಸೆ ಎಣ್ಣೆ ಪೂರ್ತಿ. ಮುಖಕ್ಕೆ, ಕತ್ತಿಗೆ, ಕರ್ಚೀಫಿಗೆ, ಚಪ್ಪಲಿಯ ಒಳಕ್ಕೂ ಪೌಡರು. ರಾಯರು ರಜ ಕೊಟ್ಟಿದ್ದು ಒಂದು ಕರಾರಿನ ಮೇಲೆ: ಐವತ್ತು ಮಾದರಿ ಸೋಪಿನ ಪೆಟ್ಟಿಗೆಯನ್ನು ಜೊತೆಗೆ ಒಯ್ದು ಆ ಊರಿನಲ್ಲಿ ಖರ್ಚು ಮಾಡಿಕೊಂಡು ಬರಬೇಕು. ‘ಆ ಕಡೆ ಊರುಗಳಲ್ಲಿ ನಮ್ಮ ಸೋಪು ಒಂದೂ ಹೋಗ್ತಾ ಇಲ್ಲ. ಯಾಕೆ ಅಂತಲೇ ತಿಳೀದು’ ಎಂದರು. ವ್ಯಾನಿನಲ್ಲಿ ಊರ ಹೊರಗೆ ಇಳಿಸಿ, ಸಂಜೆ ಬರುತ್ತೇನೆ ಎಂದು ಹೋದರು.

ಊರೊಳಗೆ ಕಾಲಿಟ್ಟೆವು. ಮೊದಲನೇ ಮನೆಯ ಹೆಂಗಸು ನನ್ನನ್ನು ನೋಡಿ ಸೆರಗಿನಿಂದ ಮೂಗು ಮುಚ್ಚಿ ಬಾಗಿಲು ಹಾಕಿಕೊಂಡಳು. ಎರಡನೇ ಮನೆಯಲ್ಲೂ ಹಾಗೇ. ನಾವು ಮುಂದೆ ಮುಂದೆ ಹೋದಂತೆ ಬೀದಿಯುದ್ದಕ್ಕೂ ದಡದಡ ಬಾಗಿಲುಗಳು ಮುಚ್ಚಿಕೊಂಡವು. ‘ಮರ್ಯಾದಸ್ತ ಊರು, ಹೊರಗಿನ ಗಂಡಸರ ಮುಂದೆ ಹೆಣ್ಣುಮಕ್ಕಳು ನಿಲ್ಲಲ್ಲ’ ಎಂದ ಮಾವ. ನಾನೂ ಗಂಭೀರವಾಗಿ ತಲೆ ಆಡಿಸಿದೆ.

ಪಿಳ್ಳಪ್ಪನವರ ಮನೆ ಇನ್ನೂ ಹತ್ತು ಮಾರು ಇತ್ತು. ಬಾಗಿಲಿಗೆ ಅಡ್ಡವಾಗಿ ಕೋಲು ಹಿಡಿದು ಒಬ್ಬ ಮುದುಕಿ ನಿಂತಿದ್ದಳು. ಅಕ್ಕಾಯಮ್ಮನೇ ಇರಬೇಕೆಂದು ದೂರದಿಂದಲೇ ಕೈ ಮುಗಿದೆ.

‘ವದ್ದು. ಅಲ್ಲೇ ನಿಂತ್ಕೋ’ ಎಂದಳು ಅವಳು, ಅರ್ಧ ತೆಲುಗಿನಲ್ಲಿ. ‘ಏಮಿ ನಾಯನಾ, ಮನುಷ್ಯನಾ ನೀನು, ಇಲ್ಲಾ ಊದುಬತ್ತಿ ಅಂಗಡೀನಾ?’

‘ನಾವು ಗೌರಿಬಿದನೂರು ಕಡೆಯೋರಮ್ಮಾ, ಹೆಣ್ಣು ನೋಡೋಕೆ...’ ಎಂದು ಮಾವ ಶುರುಮಾಡಿದ.

‘ಯಾರಾದ್ರೂ ಆಗ್ರಿ. ಒಳಗೆ ಹುಳ ಹಣ್ಣಾಗ್ತವೆ. ಒಂದು ತಿಂಗಳು ಮಕ್ಕಳ ಥರಾ ಸಾಕಿದೀವಿ. ನಾವೇ ಈ ಎಂಟು ದಿನ ಒಗ್ಗರಣೆ ಹಾಕಿಲ್ಲ, ದೇವರಿಗೆ ಧೂಪ ಹಾಕಿಲ್ಲ. ಮಗ ಬೀಡಿ ಸೇದಬೇಕಂದ್ರೆ ಕೆರೆ ಆಚೆಗೆ ಹೋಗಿ ಬರ್ತಾನೆ. ನೀವು ಮದುವಣಗಿತ್ತಿ ಥರಾ ಘಂ ಅಂತ ಬಂದಿದೀರ. ಈ ವಾಸನೆ ಬಿದ್ರೆ ಹುಳ ಗೂಡು ಕಟ್ತದಾ? ತಲೆ ಎತ್ತಿ ಹಂಗೇ ಸತ್ತೋಗ್ತದೆ.’

ಆಗ ನನಗೆ ಒಂದೇ ಏಟಿಗೆ ಎಲ್ಲ ಅರ್ಥವಾಯಿತು. ಆ ಸೀಮೆಯಲ್ಲಿ ನಮ್ಮ ಸೋಪು ಯಾಕೆ ಹೋಗುವುದಿಲ್ಲ, ಎರಡು ಫರ್ಲಾಂಗಿನ ಲೆಕ್ಕ ಏನು, ಬೀದಿಯ ಬಾಗಿಲುಗಳು ಯಾಕೆ ಮುಚ್ಚಿದವು. ಅವಳು ನನ್ನೊಂದಿಗೆ ಸರಸವಾಡಿರಲಿಲ್ಲ, ನಿಜವಾಗಿಯೂ ದೂರ ಹೋಗು ಎಂದಿದ್ದಳು. ಮೂರು ವರ್ಷ ಊರಿಗೆಲ್ಲ ನಾಚಿಕೆ ಹಂಚಿದವನಿಗೆ ಅವತ್ತು ಬಡ್ಡಿ ಸಮೇತ ವಾಪಸ್ಸು ಬಂತು.

‘ಹೋಗ್ರಪ್ಪ, ವಾರ ಬಿಟ್ಟು ಬರ್ರಿ’ ಎಂದಳು ಅಕ್ಕಾಯಮ್ಮ.

ವಾರ ಬಿಟ್ಟರೆ ಭಾನುವಾರ ಕಳೆದಿರುತ್ತದೆ. ಒಳಗಿನಿಂದ ಪಿಳ್ಳಪ್ಪನವರು ಓಡಿಬಂದು, ‘ಅಮ್ಮಾ, ನಾಲ್ಕು ತಟ್ಟೆ ಒಟ್ಟಿಗೆ ಹಣ್ಣಾಗವೆ, ಕೈ ಸಾಲ್ದು. ಮೇಲಿನ ಬೀದಿಯೋರನ್ನ ಕರೀಲಾ?’ ಎಂದರು. ‘ಅವರ ಮನೇಲೂ ಇವತ್ತೇ ಹಣ್ಣು, ಯಾರು ಬರ್ತಾರೆ?’ ಎಂದಳು ಮುದುಕಿ.

ನಾನು ಹೇಳಿದೆ, ‘ನಾನು ಬರ್ತೀನಿ ಅಜ್ಜಿ. ವಾಸನೆ ಹೋಗೋಂಗೆ ತೊಳ್ಕೊಂಡ್ ಬರ್ತೀನಿ.’

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ‘ತೊಳ್ಕೋ, ನೋಡಣ.’

ಸೋಪಿನ ಪೆಟ್ಟಿಗೆಯನ್ನು ಊರಾಚೆಯ ಹುಣಸೆಮರಕ್ಕೆ ನೇತುಹಾಕಿದ್ದಾಯಿತು. ಬೀಡಿ ಸೇದುವ ಮಾವನನ್ನು ಅದರ ಕೆಳಗೆ ಕೂರಿಸಿದರು. ನನ್ನ ಅಂಗಿ, ಪಂಚೆ, ಚಪ್ಪಲಿ ಎಲ್ಲವೂ ಅಲ್ಲಿಗೇ ಹೋದವು. ತೋಟದ ಬಾವಿಯಲ್ಲಿ ಪಿಳ್ಳಪ್ಪನವರು ನೀರು ಸೇದಿ ಸುರಿಯುತ್ತಿದ್ದರು, ನಾನು ಉಜ್ಜಿಕೊಳ್ಳುತ್ತಿದ್ದೆ. ಮೊದಲು ಒಲೆಯ ಬೂದಿ. ಅಕ್ಕಾಯಮ್ಮ ಬಂದು ಮೂಸಿದಳು. ‘ಐತೆ.’ ಆಮೇಲೆ ಕೆರೆಯ ಮಣ್ಣು. ‘ಇನ್ನೂ ಐತೆ.’ ಆಮೇಲೆ ರಾಗಿಹಿಟ್ಟು, ಹುಳಿ ಮಜ್ಜಿಗೆ, ಕೊನೆಗೆ ಸಗಣಿ. ಮದುವೆಯ ಗಂಡಿಗೆ ಮಾಡುವ ಶಾಸ್ತ್ರವೆಲ್ಲ ನನಗೆ ಅವತ್ತೇ ತಿರುವುಮುರುವಾಗಿ ಆಯಿತು. ಒಂದು ಸಲ ತಿಕ್ಕಿದರೆ ಮೂರು ದಿನ ಹೋಗದ ಪರಿಮಳ ಎಂದು ನಾನು ಕೂಗುತ್ತಿದ್ದುದು ಸುಳ್ಳೆಂದೇ ನಂಬಿದ್ದೆ. ಕಂಪನಿ ಆಡಿದ ಒಂದೇ ಒಂದು ನಿಜ ಹೋಗಿ ಹೋಗಿ ಅವತ್ತೇ ರುಜುವಾತಾಗಬೇಕೇ?

ಕೊನೇ ಸಲ ಮೂಸಿ ಮುದುಕಿ, ‘ಮೈಯಿಂದು ಹೋಯ್ತು. ತಲೇದು ಹೋಗಲ್ಲ. ಹೊರಡಪ್ಪ, ನಿನ್ನ ತಪ್ಪೇನಿಲ್ಲ’ ಎಂದಳು, ಸ್ವಲ್ಪ ಕನಿಕರದಿಂದಲೇ.

ನಾನು ಬಾವಿಯ ನೀರಿನಲ್ಲಿ ಬಗ್ಗಿ ನೋಡಿದೆ. ಸಗಣಿ, ಮಜ್ಜಿಗೆ ಎಲ್ಲ ದಾಟಿಕೊಂಡು ಕ್ರಾಪು ಇನ್ನೂ ಎದ್ದೇ ನಿಂತಿತ್ತು. ಅದು ಹೋದರೆ ಕೆಲಸ ಹೋಗುತ್ತದೆ. ಅದು ಉಳಿದರೆ ಭಾನುವಾರ ಗುಮಾಸ್ತ ಬರುತ್ತಾನೆ.

‘ಊರಲ್ಲಿ ಕ್ಷೌರದೋರು ಯಾರಿದಾರೆ ಅಜ್ಜಿ?’ ಎಂದು ಕೇಳಿದೆ.

ಬಾವಿಯ ಕಲ್ಲಿನ ಮೇಲೆ ಕೂತು ತಲೆ ಕೊಟ್ಟೆ. ಸೊಪ್ಪಿನ ಬುಟ್ಟಿ ಹಿಡಿದು ಆ ಕಡೆಯಿಂದ ಹೋಗುತ್ತಿದ್ದ ಮುನಿರತ್ನ ನಿಂತು ನೋಡಿದಳು. ಕೂದಲು ಕಂತೆಕಂತೆಯಾಗಿ ಬೀಳುತ್ತಿತ್ತು. ಅವಳು ತಡೆಯಲಾರದೆ ಬುಟ್ಟಿಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ‘ಹೋಗ್ಲಿ ಬಿಡು, ತಿರುಪತಿಗೆ ಹೋಗ್ಬಂದೆ ಅಂದ್ಕೋ’ ಎಂದು ಅಕ್ಕಾಯಮ್ಮ ನನ್ನ ಬೋಳುತಲೆಗೆ ಮೂಗು ತಾಗಿಸಿ ಮೂಸಿ, ಪಿಳ್ಳಪ್ಪನವರ ಹಳೇ ಪಂಚೆ ಕೊಟ್ಟು, ಒಳಗೆ ಬಿಟ್ಟಳು.

ಹುಳದ ಮನೆಯನ್ನು ನೀವು ನೋಡಿದ್ದೀರಾ? ಒಳಗೆ ಅರೆಗತ್ತಲು, ತಣ್ಣಗೆ. ಸಾಲು ಸಾಲಾಗಿ ಬಿದಿರ ತಟ್ಟೆಗಳು. ಸಾವಿರಾರು ಹುಳ ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಸೋನೆ ಬಿದ್ದಂತೆ. ಹಣ್ಣಾದ ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಆ ಕಡೆ ಈ ಕಡೆ ತೂಗುತ್ತದೆ, ಮೈ ಜೇನಿನಂತೆ ಹೊಳೆಯುತ್ತದೆ. ಅಂಥದನ್ನು ಆರಿಸಿ, ಸುರುಳಿ ಸುತ್ತಿದ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಸುರಿಸಿಕೊಂಡು ಹಾಳಾಗುತ್ತದೆ. ಮೊದಲ ಹುಳವನ್ನು ಎತ್ತಿಕೊಂಡೆ. ಅದು ಬೆಚ್ಚಗೆ ನನ್ನ ಅಂಗೈಯಲ್ಲಿ ಉಚ್ಚೆ ಹೊಯ್ದಿತು.

‘ಗೂಡು ಕಟ್ಟೋ ಮುಂಚೆ ಎಲ್ಲಾವೂ ಹಂಗೇ ಮಾಡ್ತವೆ. ಒರೆಸ್ಕೊಬೇಡಿ, ಹೊತ್ತಾಗ್ತದೆ’ ಎಂದಳು ಮುನಿರತ್ನ ಪಕ್ಕದ ತಟ್ಟೆಯಿಂದ. ‘ಅದು ಹಣ್ಣಲ್ಲ, ಕಾಯಿ. ಬಿಡಿ ಅದನ್ನ. ಬೆಳಕಿಗೆ ಹಿಡಿದು ನೋಡಿ. ಹಾಂ, ಅದು.’ ನಾನು ಮೂರು ಕಾಯಿ ಆರಿಸಿದರೆ ಅವಳು ಮೂವತ್ತು ಹಣ್ಣು ಆರಿಸುತ್ತಿದ್ದಳು. ಜಡೆಯಲ್ಲಿ ಸೊಪ್ಪಿನ ಚೂರು, ಕೆನ್ನೆಯ ಮೇಲೆ ಹುಳದ ನೂಲು. ದೂರದ ಹುಣಸೆಮರದಿಂದ ಮಾವ ಆಗಾಗ, ‘ಹುಡುಗ ಅಪರಂಜಿ ಕಣಮ್ಮಾ, ಇಂಥವನು ಸಿಗಲ್ಲಾ’ ಎಂದು ಕೂಗುತ್ತಲೇ ಇದ್ದ. ಸಾಕ್ಷಿಯ ಕೆಲಸ ಅವನಿಗೆ ರಕ್ತಕ್ಕಿಳಿದಿತ್ತು.

ಮಧ್ಯಾಹ್ನ ಮೀರಿತು. ಪಿಳ್ಳಪ್ಪನವರು ಚಂದ್ರಿಕೆ ನಿಲ್ಲಿಸುತ್ತ ನನ್ನತ್ತ ನೋಡಿ, ಪಾಪ, ಸಂಕೋಚದಿಂದ, ‘ಗಂಡಿನೋರು ಬಂದಾಗ ಗೋಡೆಗೆ ಕಸೂತಿ ಬಟ್ಟೆ ತೂಗುಹಾಕಿರ್ತಿದ್ವಿ. ಇವತ್ತು ಆಗ್ಲಿಲ್ಲ. ಹುಡುಗಿ ಗಿಣಿ ಬಹಳ ಚೆನ್ನಾಗಿ ಹಾಕ್ತಾಳೆ’ ಎಂದರು.

ಮುನಿರತ್ನ ಕೈ ನಿಲ್ಲಿಸದೆ ಹೇಳಿದಳು, ‘ಅದು ನಂದಲ್ಲ. ಕೆಳಗಿನ ಬೀದಿ ಪಾಪಮ್ಮಂದು. ಊರಲ್ಲಿ ಯಾರ ಮನೆಗೆ ಗಂಡು ಬಂದ್ರೂ ಅದೇ ಎರಡು ಗಿಣಿ ಬಂದು ಕೂತ್ಕೊಂತವೆ. ಚಿಂತಾಮಣಿಯೋರು ನೋಡಿ, ಏನ್ ಕೈಚಳಕಾನಮ್ಮಾ ಅಂದ್ರು. ನಂಗೆ ಗುಂಡಿ ಹೊಲಿಯೋಕೂ ಬರಲ್ಲ.’

‘ಏ ಮುನಿರತ್ನಾ’ ಎಂದರು ಪಿಳ್ಳಪ್ಪನವರು.

ನನಗೋ ನಗು. ನಮ್ಮ ಕಂಪನಿಗೆ ಒಬ್ಬ ಗಂಗುಲಪ್ಪ ಇದ್ದರೆ ಈ ಊರಿಗೆ ಎರಡು ಗಿಣಿ. ‘ನಮ್ಮ ಮಾವನ ಕೂದಲೂ ಎಣ್ಣೆಯಿಂದ ಬಂದಿದ್ದಲ್ಲ, ಹುಟ್ಟಿದಾಗಲೇ ಇತ್ತು’ ಎಂದೆ. ‘ನಂದೂ ಅಷ್ಟೇ. ಬೆಳಿಗ್ಗೆವರೆಗೂ ಇತ್ತು. ಅದಕ್ಕೇ ಕೆಲಸ ಕೊಟ್ಟಿದ್ರು. ಇನ್ನು ಕೆಲಸ ಇರಲ್ಲ. ಓದು ನಾಲ್ಕನೇ ಕ್ಲಾಸು. ಊರಲ್ಲಿ ಕಡಲೆಕಾಯಿ ಹೊಲ ಐತೆ, ಅಣ್ಣಂದಿರೂ ಅವ್ರೆ.’

‘ಇನ್ನೇನೇನು ಸುಳ್ಳು ಹೇಳಿದೀರ ಮೈಕಲ್ಲಿ?’

ಯೋಚನೆ ಮಾಡಿದೆ. ಪಟ್ಟಿ ಉದ್ದವಿತ್ತು. ‘ಒಂದು ಫರ್ಲಾಂಗು ಅಂದಿದ್ದು’ ಎಂದೆ.

‘ಅದು ಸುಳ್ಳಲ್ಲ. ನೀವು ಬರೋದು ನಮಗೆ ಒಂದು ಫರ್ಲಾಂಗಿಂದಲೇ ಗೊತ್ತಾಯ್ತು’ ಎಂದಳು.

ಅಕ್ಕಾಯಮ್ಮ ಮೂಲೆಯಲ್ಲಿ ಹುಳ ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ತಟ್ಟೆ ಬರಿದಾಯಿತು. ಚಂದ್ರಿಕೆಗಳ ಮೇಲೆ ಹುಳಗಳು ತೆಳ್ಳಗೆ ನೂಲು ಎಳೆಯತೊಡಗಿದ್ದವು. ಮುದುಕಿ ಸೊಂಟ ಹಿಡಿದುಕೊಂಡು ಎದ್ದು ಮಗನಿಗೆ ಹೇಳಿದಳು, ‘ಪಿಳ್ಳಪ್ಪಾ, ಚಿಂತಾಮಣಿಗೆ ಹೇಳಿ ಕಳ್ಸು. ಆ ಹುಡುಗ ಒಪ್ಪಿರೋದು ಪಾಪಮ್ಮನ ಗಿಣೀನ. ಗಿಣೀನ ಧಾರೆ ಎರೆದು ಕೊಡೋಕಾಗ್ತದಾ?’ ಆಮೇಲೆ ನನ್ನ ಕಡೆ ತಿರುಗಿ, ‘ಐದು ದಿನ ಬಿಟ್ಟು ಗೂಡು ಬಿಡಿಸೋಕೆ ಬಾರಪ್ಪ’ ಎಂದಳು.

ಇದು ಕೂಲಿಗೆ ಕರೆದದ್ದು ಎಂದುಕೊಂಡು ಆಗಲಿ ಎಂದೆ. ಪಿಳ್ಳಪ್ಪನವರು ಕಣ್ಣು ಒರೆಸಿಕೊಂಡದ್ದು ಯಾಕೆಂದು ತಿಳಿಯಲಿಲ್ಲ. ಚಂದ್ರಿಕೆಯಿಂದ ಗೂಡು ಬಿಡಿಸುವ ದಿನ ಆ ಮನೆಗೆ ಹೊರಗಿನವರನ್ನು ಸೇರಿಸುವುದಿಲ್ಲವಂತೆ, ದೃಷ್ಟಿಯಾಗುತ್ತದೆ ಎಂದು. ಕರೆಯುವುದು ನೆಂಟರನ್ನು, ಇಲ್ಲವೇ ನೆಂಟರಾಗುವವರನ್ನು. ಇದನ್ನು ಹುಣಸೆಮರದ ಕೆಳಗೆ ಒಬ್ಬ ದಾರಿಹೋಕ ಮಾವನಿಗೆ ಬಿಡಿಸಿ ಹೇಳಬೇಕಾಯಿತು. ಹೊರಡುವಾಗ ಮುನಿರತ್ನ ಬಾಗಿಲ ಹಿಂದಿನಿಂದ, ‘ಬರೋವಾಗ ತಲೆಗೆ ಟವಲು ಸುತ್ಕೊಂಡ್ ಬನ್ನಿ. ಬಿಸಿಲು ಜಾಸ್ತಿ’ ಎಂದದ್ದಕ್ಕೆ ಮಾತ್ರ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಊರ ಹೊರಗೆ ವ್ಯಾನು ನಿಂತಿತ್ತು. ರಾಯರು ಇಳಿದು ಬಂದು, ಪಂಚೆ ಸುತ್ತಿದ ಬೋಳುತಲೆಯ ಆಸಾಮಿಯನ್ನು ಪಕ್ಕಕ್ಕೆ ಸರಿಸಿ, ‘ನಾರಾಯಣ ಎಲ್ಲಿ?’ ಎಂದು ಮಾವನನ್ನು ಕೇಳಿದರು. ಮಾವ ನನ್ನ ಕಡೆ ಬೆರಳು ತೋರಿಸಿದ. ರಾಯರು ನನ್ನನ್ನು ನೋಡಿದರು, ನನ್ನ ತಲೆಯನ್ನು ನೋಡಿದರು, ಸೀಲು ಒಡೆಯದ ಪೆಟ್ಟಿಗೆಯನ್ನು ನೋಡಿದರು.

‘ಏನಯ್ಯಾ ಇದು? ಐವತ್ತರಲ್ಲಿ ಒಂದು ಸೋಪಾದರೂ ಬೇಡವಂತೇನಯ್ಯಾ ಅವರಿಗೆ?’ ಎಂದರು ಕೊನೆಗೆ.

‘ಒಂದೂ ಬೇಡವಂತೆ ಸ್ವಾಮಿ’ ಎಂದೆ. ‘ನಾನು ಸಾಕಂತೆ.’